ಬಿ.ಕಾಂ ಆದ ಮೇಲೆ ಯಾವ ಕೋರ್ಸು? ಮೊದಲು ಕೆಲಸ ನೋಡಿ, ಆಮೇಲೆ ಫೀಸು ಕಟ್ಟಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ. ಪಿಯುಸಿವರೆಗೆ ಕನ್ನಡ ಮಾಧ್ಯಮ. ಇಲ್ಲಿಯವರೆಗೆ ಶೇ. 68 ಬಂದಿದೆ. ಅಪ್ಪನದು ಸಣ್ಣ ಹಾರ್ಡ್‌ವೇರ್ ಅಂಗಡಿ. ಹೋದ ತಿಂಗಳು ಬೆಂಗಳೂರಿನ ಒಂದು ಕೋಚಿಂಗ್ ಸಂಸ್ಥೆಯವರು ಕಾಲೇಜಿಗೆ ಬಂದಿದ್ದರು. ಬರೀ ಬಿ.ಕಾಂಗೆ ಈಗ ಬೆಲೆ ಇಲ್ಲ, ವಿದೇಶಿ ಅಕೌಂಟಿಂಗ್ ಕೋರ್ಸ್ ಮಾಡಿದರೆ ಕೆಲಸ ಗ್ಯಾರಂಟಿ ಅಂದರು. ಫೀಸು 1 ಲಕ್ಷ 80 ಸಾವಿರ. ಕಂತಿನಲ್ಲಿ ಕಟ್ಟಬಹುದು, ಈ ತಿಂಗಳೊಳಗೆ ಸೇರಿದರೆ ರಿಯಾಯಿತಿ. ಮಾವ ಎಂಬಿಎ ಮಾಡು ಅಂತಾರೆ. ನಮ್ಮ ಮೇಡಂ ಬ್ಯಾಂಕ್ ಪರೀಕ್ಷೆ ಬರಿ ಅಂತಾರೆ. ನನಗೆ ಸಿಎ ಮಾಡುವ ಆಸೆ, ಆದರೆ ಇಂಗ್ಲಿಷ್ ಅಂದರೆ ಭಯ. ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಟೈಮ್ ಕೊಡ್ತೀವಿ, ಅಷ್ಟರಲ್ಲಿ ಏನಾದರೂ ಮಾಡಿ ತೋರಿಸು ಅಂತ ಮನೆಯಲ್ಲಿ ಹೇಳಿದ್ದಾರೆ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಕೋರ್ಸು, ಒಂದು ಪರೀಕ್ಷೆ ಇದೆ. ಆದರೆ ಆ ಕೋರ್ಸು ಮುಗಿಸಿದವರು ದಿನವಿಡೀ ಯಾವ ಕೆಲಸ ಮಾಡುತ್ತಾರೆ ಅನ್ನುವುದರ ಬಗ್ಗೆ ಒಂದು ಸಾಲೂ ಇಲ್ಲ. ಇದು ನಿಮ್ಮೊಬ್ಬರ ಕಥೆ ಅಂದುಕೊಳ್ಳಬೇಡಿ. ನಾನು ಆಡಿಟ್ ಕಚೇರಿ ನಡೆಸುತ್ತೇನೆ. ಬಿ.ಕಾಂ, ಬಿಬಿಎ ಮುಗಿಸಿದವರು ಕೆಲಸ ಕೇಳಿಕೊಂಡು ಬರುತ್ತಾರೆ. ಮುಂದೇನು ಅಂತ ಕೇಳಿದರೆ ಬಹಳಷ್ಟು ಜನ ಕೋರ್ಸಿನ ಹೆಸರು ಹೇಳುತ್ತಾರೆ. ಆ ಕೆಲಸ ಮಾಡುವವರನ್ನು ಹತ್ತಿರದಿಂದ ನೋಡಿದ್ದೀರಾ ಅಂದರೆ ಸುಮ್ಮನಾಗುತ್ತಾರೆ. ನೋಡದ ಕೆಲಸಕ್ಕೆ ಅಪ್ಪನ ದುಡ್ಡನ್ನೂ ಇರುವ ಒಂದೇ ವರ್ಷವನ್ನೂ ಹಾಕಬೇಕಾಗಿ ಬಂದಿದೆಯಲ್ಲ, ನಿಮ್ಮ ಭಯದ ಬೇರು ಅಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಆ ಭಯ ಸರಿಯಾಗಿಯೇ ಇದೆ.

ಮೊದಲು ತುರ್ತಿನ ವಿಷಯ. ಆ ಸಂಸ್ಥೆಗೆ ಈ ತಿಂಗಳು ಸೇರಬೇಡಿ.

ಕೋರ್ಸು ಸುಳ್ಳು ಅಂತ ನಾನು ಹೇಳುತ್ತಿಲ್ಲ. ವಿದೇಶಿ ಕೋರ್ಸ್ ಅಂದರೆ ಸಾಮಾನ್ಯವಾಗಿ ಎರಡು: ಬ್ರಿಟನ್ನಿನ ಎಸಿಸಿಎ, ಅಮೆರಿಕದ ಸಿಎಂಎ. ಎರಡಕ್ಕೂ ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಗಳಲ್ಲಿ ಬೆಲೆ ಇದೆ. ಎಸಿಸಿಎಯಲ್ಲಿ ಒಟ್ಟು 13 ಪೇಪರ್, ಬಿ.ಕಾಂ ಆದವರಿಗೆ ಕೆಲವು ಪೇಪರ್ ವಿನಾಯಿತಿ ಸಿಗುತ್ತದೆ. ಅಮೆರಿಕದ ಸಿಎಂಎಗೆ ಎರಡೇ ಭಾಗ. ಆದರೆ ಪರೀಕ್ಷೆ ಪಾಸಾದ ಕೂಡಲೇ ಪೂರ್ತಿ ಅರ್ಹತೆ ಬರುವುದಿಲ್ಲ. ಎಸಿಸಿಎಗೆ ಮೂರು ವರ್ಷ, ಸಿಎಂಎಗೆ ಎರಡು ವರ್ಷ ಕೆಲಸದ ಅನುಭವವೂ ಬೇಕು. ಭಾರತದಲ್ಲಿ ಕಂಪನಿಯ ಶಾಸನಬದ್ಧ (ಕಾನೂನು ಕಡ್ಡಾಯ ಮಾಡಿದ) ಆಡಿಟ್‌ಗೆ ಸಹಿ ಹಾಕುವ ಅಧಿಕಾರ ಇರುವುದು ಇಲ್ಲಿನ ಸಿಎಗಳಿಗೆ ಮಾತ್ರ. ನಮ್ಮ ದೇಶದ್ದೇ ಇನ್ನೊಂದು ಸಿಎಂಎ ಇದೆ, 1959ರ ಕಾಯ್ದೆಯಡಿ ನಡೆಯುವ ಕಾಸ್ಟ್ ಅಕೌಂಟೆಂಟ್ಸ್ ಸಂಸ್ಥೆಯದು. ಹೆಸರು ಒಂದೇ ಆದ್ದರಿಂದ ಎಷ್ಟೋ ಪೋಷಕರು ಎರಡೂ ಒಂದೇ ಅಂದುಕೊಂಡು ಫೀಸು ಕಟ್ಟಿರುತ್ತಾರೆ.

ಈಗ ಆ ಕಂತಿನ ಮಾತು. ಇಂಥ ಕಂತು ಎಷ್ಟೋ ಸಲ ಸಂಸ್ಥೆ ಕೊಡುವ ಸಡಿಲಿಕೆ ಆಗಿರುವುದಿಲ್ಲ. ಒಂದು ಫೈನಾನ್ಸ್ ಕಂಪನಿ ನಿಮ್ಮ ಅಪ್ಪನ ಹೆಸರಿನಲ್ಲಿ ಸಾಲ ಮಂಜೂರು ಮಾಡುತ್ತದೆ, ದುಡ್ಡು ನೇರ ಸಂಸ್ಥೆಗೆ ಹೋಗುತ್ತದೆ. ಎರಡು ತಿಂಗಳಾದ ಮೇಲೆ ಕ್ಲಾಸ್ ಸರಿಯಿಲ್ಲ ಅಂತ ನೀವು ಬಿಟ್ಟರೂ ಸಾಲದ ಕಂತು ನಿಲ್ಲುವುದಿಲ್ಲ. ಕಂತು ತಪ್ಪಿದರೆ ಅಪ್ಪನ ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸುವ ದಾಖಲೆಯ ಅಂಕ, ಬೀಳುತ್ತದೆ. ನಾಳೆ ಅಂಗಡಿಗೆ ಓವರ್‌ಡ್ರಾಫ್ಟ್ ಕೇಳಲು ಬ್ಯಾಂಕಿಗೆ ಹೋದಾಗ ಅದು ಎದುರಿಗೆ ಬರುತ್ತದೆ. ಆದ್ದರಿಂದ ಕೇಳಿ: ಸಾಲ ಯಾರ ಹೆಸರಿಗೆ? ಮಧ್ಯೆ ಬಿಟ್ಟರೆ ಎಷ್ಟು ವಾಪಸ್? ಪೌಂಡ್, ಡಾಲರ್ ಲೆಕ್ಕದ ನೋಂದಣಿ ಮತ್ತು ಪರೀಕ್ಷಾ ಶುಲ್ಕ ಆ 1 ಲಕ್ಷ 80 ಸಾವಿರದಲ್ಲಿ ಸೇರಿದೆಯಾ? ಗ್ಯಾರಂಟಿ ಅಂದರೆ ಕೆಲಸವೋ, ಬರೀ ಸಂದರ್ಶನಕ್ಕೆ ಕಳಿಸುವುದೋ? ಉತ್ತರ ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಬೇಕು. ಅವಸರಕ್ಕೂ ಕಾರಣವಿಲ್ಲ. ಎಸಿಸಿಎ ಪರೀಕ್ಷೆ ವರ್ಷಕ್ಕೆ ನಾಲ್ಕು ಸಲ, ಅಮೆರಿಕದ ಸಿಎಂಎ ವರ್ಷಕ್ಕೆ ಮೂರು ಅವಧಿಯಲ್ಲಿ ನಡೆಯುತ್ತದೆ. ಈ ತಿಂಗಳು ಸೇರದಿದ್ದರೆ ಯಾವ ಬಾಗಿಲೂ ಮುಚ್ಚುವುದಿಲ್ಲ.

ಇನ್ನು "ಬಿ.ಕಾಂಗೆ ಬೆಲೆ ಇಲ್ಲ" ಅನ್ನುವ ಮಾತು. ಬ್ಯಾಂಕ್ ಪರೀಕ್ಷೆಗೆ, ಕೆಪಿಎಸ್‌ಸಿಯ ಪದವಿ ಮಟ್ಟದ ಹುದ್ದೆಗಳಿಗೆ, ಎಂಬಿಎಗೆ ಈ ಪದವಿ ಸಾಕು. ಸಿಎ ಓದಲು ಹೊರಟರೆ ಫೌಂಡೇಶನ್ ಹಂತವನ್ನೇ ಬಿಟ್ಟು ನೇರ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಜಿಎಸ್‌ಟಿ ಪ್ರಾಕ್ಟೀಷನರ್ (ವ್ಯಾಪಾರಿಗಳ ಪರವಾಗಿ ರಿಟರ್ನ್ ಹಾಕುವವರು) ಆಗಿ ಹೆಸರು ನೋಂದಾಯಿಸಲೂ ವಾಣಿಜ್ಯ ಪದವಿ ನಡೆಯುತ್ತದೆ. ಇಷ್ಟೆಲ್ಲ ಇರುವಾಗ ಬೆಲೆ ಇಲ್ಲ ಅನ್ನುವುದು ತಪ್ಪು.

ಆದರೂ ಆ ಮಾತಿಗೆ ಜನ ಯಾಕೆ ತಲೆ ಆಡಿಸುತ್ತಾರೆ? ಮಾರ್ಕ್ಸ್ ಕಾರ್ಡ್ ನೋಡಿದರೆ ನಿಮಗೆ ಏನು ಮಾಡಲು ಬರುತ್ತದೆ ಅಂತ ನಮಗೆ ಗೊತ್ತಾಗುವುದಿಲ್ಲ. ಶೇ. 80 ತೆಗೆದವರ ಕೈಗೆ ಒಂದು ಕರೆಂಟ್ ಅಕೌಂಟಿನ ಸ್ಟೇಟ್‌ಮೆಂಟ್, ಒಂದು ಕ್ಯಾಶ್‌ಬುಕ್ ಕೊಟ್ಟು, ಎರಡರ ಬ್ಯಾಲೆನ್ಸ್ ಯಾಕೆ ತಾಳೆ ಆಗುತ್ತಿಲ್ಲ ನೋಡಿ ಅನ್ನುತ್ತೇನೆ. ಕೊಟ್ಟ ಚೆಕ್ ಇನ್ನೂ ಬ್ಯಾಂಕಿಗೆ ಬಂದಿಲ್ಲ, ಬ್ಯಾಂಕ್ ಚಾರ್ಜ್ ಪುಸ್ತಕದಲ್ಲಿ ಹತ್ತಿಲ್ಲ, ಅಷ್ಟೇ ವಿಷಯ. ಮೊದಲ ವರ್ಷವೇ ಓದಿದ ಪಾಠ. ಆದರೂ ತುಂಬ ಜನ ತಡವರಿಸುತ್ತಾರೆ. ಅದು ಅವರ ದಡ್ಡತನ ಅಲ್ಲ. ನಿಜವಾದ ಸ್ಟೇಟ್‌ಮೆಂಟನ್ನು ಅವರು ಅದೇ ಮೊದಲ ಸಲ ಕೈಯಲ್ಲಿ ಹಿಡಿದಿರುತ್ತಾರೆ. ನೋಟ್ಸ್ ನೋಡಿ ಈಜು ಕಲಿತವರನ್ನು ಹೊಳೆಗೆ ಇಳಿಸಿದ ಹಾಗೆ.

ನಿಮಗೆ ಒಂದು ಅನುಕೂಲ ಇದೆ. ನಿಮ್ಮ ಮನೆಯಲ್ಲೇ ಒಂದು ಅಂಗಡಿ ಇದೆ. ಅದರ ಲೆಕ್ಕ ಪ್ರತಿ ತಿಂಗಳು ಯಾರೋ ಆಡಿಟರ್ ಹತ್ತಿರ ಹೋಗುತ್ತದೆ, ಅಲ್ವಾ? ಅಲ್ಲಿ ಏನಾಗುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ.

ಅಪ್ಪ ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಿಯಿಂದ 50,000 ರೂಪಾಯಿಯ ಪೇಂಟ್ ತರಿಸಿದರು ಅಂತ ಇಟ್ಟುಕೊಳ್ಳಿ. ಶೇ. 18 ಜಿಎಸ್‌ಟಿ ಅಂದರೆ 9,000. ಬಿಲ್ಲಿನಲ್ಲಿ ಕೇಂದ್ರದ್ದು 4,500, ರಾಜ್ಯದ್ದು 4,500 ಅಂತ ಎರಡು ಸಾಲಿನಲ್ಲಿ ಇರುತ್ತದೆ. ವ್ಯಾಪಾರಿಯ ಜಿಎಸ್‌ಟಿ ನಂಬರ್ 29ರಿಂದ ಶುರುವಾಗುತ್ತದೆ, ಅದು ಕರ್ನಾಟಕದ ಕೋಡ್. ಅದೇ ಮಾಲು ಮಹಾರಾಷ್ಟ್ರದಿಂದ ಬಂದಿದ್ದರೆ ನಂಬರ್ 27ರಿಂದ ಶುರು, ತೆರಿಗೆ ಐಜಿಎಸ್‌ಟಿ ಅಂತ ಒಂದೇ ಸಾಲು. ಈ 9,000ವನ್ನು ಅಪ್ಪ ತಾವು ಗಿರಾಕಿಗಳಿಂದ ತೆಗೆದುಕೊಂಡ ತೆರಿಗೆಯಿಂದ ಕಳೆದು, ಉಳಿದದ್ದನ್ನು ಕಟ್ಟಬಹುದು, ಇದಕ್ಕೆ ಕ್ರೆಡಿಟ್ ಅನ್ನುತ್ತೇವೆ. ಆದರೆ ಒಂದು ಷರತ್ತು ಇದೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಆ ವ್ಯಾಪಾರಿ ಮುಂದಿನ ತಿಂಗಳ 11ರೊಳಗೆ ತನ್ನ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಈ ಬಿಲ್ಲನ್ನು ತೋರಿಸಬೇಕು. ತೋರಿಸಿದರೆ 14ರಂದು ಅಪ್ಪನ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ಪೋರ್ಟಲ್ ತಾನೇ ತಯಾರಿಸುವ ಖರೀದಿ ಪಟ್ಟಿಯಲ್ಲಿ, ಅದು ಕಾಣುತ್ತದೆ. 20ರೊಳಗೆ ಅಪ್ಪ ಆ ತಿಂಗಳ ಒಟ್ಟು ಲೆಕ್ಕದ ರಿಟರ್ನ್ ಆದ 3ಬಿ ಹಾಕಿ ತೆರಿಗೆ ಕಟ್ಟುತ್ತಾರೆ. ವ್ಯಾಪಾರಿ ಮರೆತರೆ? 2ಬಿಯಲ್ಲಿ ಬಿಲ್ಲು ಇಲ್ಲ, ಆ ತಿಂಗಳು 9,000 ಅಪ್ಪನ ಜೇಬಿನಿಂದಲೇ ಹೋಗುತ್ತದೆ. 2022ರ ಜನವರಿಯಿಂದ ಈ ನಿಯಮ ಬಿಗಿಯಾಗಿದೆ.

ಈಗ ಆಡಿಟರ್ ಕಚೇರಿಯ ಹುಡುಗನ ಕೆಲಸ ಏನು? 14ನೇ ತಾರೀಕು 2ಬಿ ಡೌನ್‌ಲೋಡ್ ಮಾಡುವುದು, ಅಂಗಡಿಯ ಖರೀದಿ ಪಟ್ಟಿಯ ಪಕ್ಕ ಇಡುವುದು, ಇಲ್ಲದ ಬಿಲ್ಲು ಹುಡುಕುವುದು, ವ್ಯಾಪಾರಿಗೆ ಫೋನ್ ಮಾಡಿ "ಅಣ್ಣ, 212ನೇ ನಂಬರಿನ ಬಿಲ್ಲು ಹಾಕಿಲ್ಲ" ಅನ್ನುವುದು. ಅಕೌಂಟ್ಸ್ ಕೆಲಸ ಅಂದರೆ ಬಹಳ ಮಟ್ಟಿಗೆ ಹೀಗೆಯೇ. ಗಣಿತ ಕಡಿಮೆ. ತಾಳ್ಮೆ, ಅನುಮಾನ, ಫೋನಿನಲ್ಲಿ ಮಾತಾಡುವ ಧೈರ್ಯ ಜಾಸ್ತಿ ಬೇಕು. ದೊಡ್ಡ ಕಂಪನಿಯಲ್ಲಿ ಬಿಲ್ಲಿನ ಸಂಖ್ಯೆ ದೊಡ್ಡದಾಗುತ್ತದೆ, ಸಾಫ್ಟ್‌ವೇರ್ ಬೇರೆ ಇರುತ್ತದೆ, ಮನಸ್ಸು ಇದೇ ಬೇಕು. ಕಂಪ್ಯೂಟರ್ ಎಲ್ಲ ಕೆಲಸ ನುಂಗಿಬಿಡುತ್ತದೆ ಅನ್ನುವವರಿಗೂ ಇದೇ ನನ್ನ ಉತ್ತರ. ಎಂಟ್ರಿ ಟೈಪ್ ಮಾಡುವ ಕೆಲಸ ಕಡಿಮೆ ಆಗುತ್ತಿರುವುದು ನಿಜ. ತಾಳೆಯಾಗದ ಬಿಲ್ಲಿನ ಹಿಂದೆ ಬೀಳುವವರು ಈಗಲೂ ಬೇಕು.

ಈ ರಜೆಯಲ್ಲಿ ನೀವೇ ಅಂಗಡಿಯ ಮೂರು ತಿಂಗಳ ಖರೀದಿ ಬಿಲ್ಲುಗಳನ್ನು ಎಕ್ಸೆಲ್‌ಗೆ ಹಾಕಿ. ತಾರೀಕು, ವ್ಯಾಪಾರಿ, ಜಿಎಸ್‌ಟಿ ನಂಬರ್, ಬಿಲ್ ನಂಬರ್, ಮೊತ್ತ, ತೆರಿಗೆ. ಪೋರ್ಟಲ್‌ನಿಂದ 2ಬಿ ತೆಗೆದು ವಿಲುಕಪ್ (ಎರಡು ಪಟ್ಟಿ ಹೋಲಿಸುವ ಎಕ್ಸೆಲ್ ಸೂತ್ರ) ಹಾಕಿ ತಾಳೆ ನೋಡಿ. ಅಪ್ಪ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಪದ್ಧತಿ) ಈ ಕ್ರೆಡಿಟ್ ಸಿಗುವುದಿಲ್ಲ, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾದರೆ ತಾರೀಕು ಬೇರೆ. ಅದನ್ನು ಮೊದಲು ಕೇಳಿಕೊಳ್ಳಿ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಕಲಿಯಲು ದೊಡ್ಡ ಫೀಸು ಬೇಡ. ಅದರ ಎಜುಕೇಶನಲ್ ಮೋಡ್ ಉಚಿತ. ತಿಂಗಳಲ್ಲಿ ಬೆರಳೆಣಿಕೆಯ ತಾರೀಕುಗಳಿಗೆ ಮಾತ್ರ ಎಂಟ್ರಿ ಹಾಕಲು ಬಿಡುತ್ತದೆ, ಅಭ್ಯಾಸಕ್ಕೆ ಅಷ್ಟು ಸಾಕು.

ಈ ಕೆಲಸ ಮಾಡುವಾಗ ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ ಅಂದರೆ ನಿಮ್ಮ ಸಿಎ ಆಸೆಗೆ ಬಲ ಇದೆ. ಅರ್ಧ ಗಂಟೆಗೇ ಬೇಸರ ಬಂದರೆ ಅದೂ ಒಳ್ಳೆಯ ಸುದ್ದಿಯೇ. ಒಂದು ರೂಪಾಯಿ ಖರ್ಚಿಲ್ಲದೆ ಒಂದು ದಾರಿ ನಿಮ್ಮದಲ್ಲ ಅಂತ ತಿಳಿಯಿತು.

ಸಿಎ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ರ‍್ಯಾಂಕ್ ಬಂದವರಿಗೆ ಮಾತ್ರ ಅನ್ನುವುದು ಸುಳ್ಳು. ವಾಣಿಜ್ಯ ಪದವಿಯಲ್ಲಿ ಶೇ. 55 ಇದ್ದರೆ ನೇರ ಪ್ರವೇಶ, ನಿಮಗೆ 68 ಇದೆ. ಇಂಟರ್‌ನಲ್ಲಿ ಎರಡು ಗುಂಪು, ಒಟ್ಟು ಆರು ಪೇಪರ್. ಪ್ರತಿ ಪೇಪರಿನಲ್ಲಿ ಕನಿಷ್ಠ 40, ಒಟ್ಟು ಶೇ. 50 ಬೇಕು. ಎರಡೂ ಗುಂಪು ಪಾಸಾದ ಮೇಲೆ ಸಿಎ ಕಚೇರಿಯಲ್ಲಿ ತರಬೇತಿ, ಅಂದರೆ ಆರ್ಟಿಕಲ್‌ಶಿಪ್. 2023ರ ಹೊಸ ಪದ್ಧತಿಯಲ್ಲಿ ಅದು ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ. ಆಮೇಲೆ ಆರು ತಿಂಗಳು ಬಿಟ್ಟು ಫೈನಲ್. ಎಲ್ಲವೂ ಮೊದಲ ಸಲಕ್ಕೇ ಪಾಸಾದರೂ ಡಿಗ್ರಿ ಮುಗಿದ ಮೇಲೆ ಮೂರೂವರೆ ವರ್ಷ ಹಿಡಿಯುತ್ತದೆ. ಹೆಚ್ಚಿನವರಿಗೆ ಅದಕ್ಕಿಂತ ಜಾಸ್ತಿ ಆಗುತ್ತದೆ. ಆರ್ಟಿಕಲ್‌ಶಿಪ್‌ನಲ್ಲಿ ಸ್ಟೈಪೆಂಡ್ ಬರುತ್ತದೆ, ಊರು ಬಿಟ್ಟು ಪಿಜಿಯಲ್ಲಿದ್ದರೆ ಅದು ಸಾಲುವುದಿಲ್ಲ. ಮನೆಯವರು ಕೊಟ್ಟ ಒಂದು ವರ್ಷದಲ್ಲಿ ಸಿಎ ಮುಗಿಯುವುದಿಲ್ಲ. ಇದನ್ನು ಈಗಲೇ ಮುಚ್ಚುಮರೆ ಇಲ್ಲದೆ ಹೇಳಿ.

ಆದರೆ ಒಂದು ವರ್ಷದಲ್ಲಿ ಇಂಟರ್‌ನ ಒಂದು ಪ್ರಯತ್ನ ಖಂಡಿತ ಆಗುತ್ತದೆ. ನೋಂದಣಿ ಮಾಡಿಸಿ ಎಂಟು ತಿಂಗಳು ಓದಿದ ಮೇಲೆ ಪರೀಕ್ಷೆ ಬರೆಯಬಹುದು. ಪರೀಕ್ಷೆ ಈಗ ವರ್ಷಕ್ಕೆ ಮೂರು ಸಲ ನಡೆಯುತ್ತದೆ. ಇಂಟರ್ ಪಾಸಾಗಿ ಫೈನಲ್ ಆಗದೇ ಉಳಿದವರಿಗೂ ಕಂಪನಿಗಳಲ್ಲಿ, ನಮ್ಮಂಥ ಕಚೇರಿಗಳಲ್ಲಿ ಒಳ್ಳೆಯ ಬೇಡಿಕೆ ಇದೆ. ಅರ್ಧಕ್ಕೆ ನಿಂತರೆ ಎಲ್ಲ ಹಾಳು ಅನ್ನುವ ಮಾತಿಗೆ ಕಿವಿ ಕೊಡಬೇಡಿ. ಓದುವ ಸಾಮಗ್ರಿ ಸಿಎ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಸಂಸ್ಥೆಯೇ ಆನ್‌ಲೈನ್ ಕ್ಲಾಸುಗಳನ್ನೂ ಉಚಿತವಾಗಿ ನಡೆಸುತ್ತದೆ. ಹುಬ್ಬಳ್ಳಿಯಲ್ಲಿ ಅದರ ಶಾಖೆಯೂ ಇದೆ. ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಅಕೌಂಟಿಂಗ್ ಪೇಪರಿನ ಎರಡು ಅಧ್ಯಾಯ ನೀವೇ ಓದಿ, ಲೆಕ್ಕ ಮಾಡಿ ನೋಡಿ. ಸೀನಿಯರ್‌ಗಳ ಹಳೆಯ ತೆರಿಗೆ ನೋಟ್ಸ್ ಕೊಳ್ಳಬೇಡಿ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದಿದೆ, ಜಾರಿ ದಿನಾಂಕ 2026ರ ಏಪ್ರಿಲ್ 1.

ಇಂಗ್ಲಿಷ್ ವಿಷಯ. ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಬಹುದು. ಕನ್ನಡದಲ್ಲಿ ಅವಕಾಶ ಇಲ್ಲ, ಇರಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಆದರೆ ಅಲ್ಲಿ ಕೇಳುವ ಇಂಗ್ಲಿಷ್ ಭಾಷಣದ ಇಂಗ್ಲಿಷ್ ಅಲ್ಲ. ಡೆಬಿಟ್, ಕ್ರೆಡಿಟ್, ಡಿಪ್ರಿಸಿಯೇಶನ್ ನಿಮಗೆ ಆಗಲೇ ಬಾಯಿಗೆ ಬಂದಿವೆ. ಕಾನೂನಿನ ಉತ್ತರಕ್ಕೆ ಒಂದಷ್ಟು ವಾಕ್ಯದ ಅಚ್ಚುಗಳು ಸಾಕು. ದಿನಕ್ಕೆ ಒಂದು ಉತ್ತರ ಕೈಯಲ್ಲಿ ಬರೆದು ಮಾದರಿ ಉತ್ತರದ ಜೊತೆ ಹೋಲಿಸಿ, ಆರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ನಾವು ಕಚೇರಿಯಲ್ಲಿ ಕೇಳುವುದೂ ಅಷ್ಟೇ, ತಪ್ಪಿಲ್ಲದ ಐದು ಸಾಲಿನ ಇಮೇಲ್. ಗ್ರಾಹಕರ ಜೊತೆ ಮಾತು ಕನ್ನಡದಲ್ಲೇ ನಡೆಯುತ್ತದೆ. ಅಲ್ಲಿ ನಿಮ್ಮಂಥವರೇ ನಮಗೆ ಬೇಕು.

ನಿಮ್ಮ ಮೇಡಂ ಹೇಳಿದ ಬ್ಯಾಂಕ್ ದಾರಿಯನ್ನು ಹಗುರವಾಗಿ ನೋಡಬೇಡಿ. ಕನ್ನಡ ಮಾಧ್ಯಮದವರಿಗೆ ಈಗ ಅಲ್ಲಿ ಬಾಗಿಲು ಸ್ವಲ್ಪ ಅಗಲವಾಗಿದೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಅದರ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್ ವಿಭಾಗವೇ ಇಲ್ಲ. ರೀಸನಿಂಗ್, ಲೆಕ್ಕ ಎರಡೇ, 80 ಪ್ರಶ್ನೆ, 45 ನಿಮಿಷ. ಮೇನ್ಸ್‌ನಲ್ಲಿ ಮಾತ್ರ ಇಂಗ್ಲಿಷ್ ಅಥವಾ ಹಿಂದಿ ಒಂದನ್ನು ಆರಿಸಬೇಕು. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯನ್ನೂ ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕು ಅಂತ 2021ರಲ್ಲಿ ಹಣಕಾಸು ಸಚಿವಾಲಯ ಹೇಳಿತು. ಅದರಲ್ಲಿ ಇಂಗ್ಲಿಷ್ ವಿಭಾಗ ಇದ್ದೇ ಇದೆ. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಒಂದಾಗಿವೆ, ಕೇಂದ್ರ ಕಚೇರಿ ಬಳ್ಳಾರಿ. ಈ ದಾರಿಯಲ್ಲಿ ದುಡ್ಡು ಹೆಚ್ಚು ಹೋಗುವುದಿಲ್ಲ, ವರ್ಷಗಳು ಹೋಗುತ್ತವೆ. "ಇನ್ನೊಂದು ಸಲ" ಅಂತ ನಾಲ್ಕೈದು ವರ್ಷ ರೂಮಿನಲ್ಲೇ ಕಳೆದು, ಕೈಯಲ್ಲಿ ಅನುಭವವೂ ಇಲ್ಲದೆ ನಮ್ಮ ಕಚೇರಿಗೆ ಬಂದವರನ್ನು ನೋಡಿದ್ದೇನೆ. ಎರಡು ಸುತ್ತಿನ ಪರೀಕ್ಷೆ ಅಂತ ಮೊದಲೇ ಗಡಿ ಹಾಕಿಕೊಳ್ಳಿ. ಓದುವಾಗಲೂ ಅರ್ಧ ದಿನದ ಕೆಲಸ ಇಟ್ಟುಕೊಳ್ಳಿ. ಕೆಪಿಎಸ್‌ಸಿಗೂ ಇದೇ ಮಾತು, ಅಲ್ಲಿ ಅಧಿಸೂಚನೆಗೇ ಕಾಯಬೇಕಾಗುತ್ತದೆ.

ಎಂಬಿಎ ಈಗ ಬೇಡ ಅನ್ನುವುದು ನನ್ನ ಅಭಿಪ್ರಾಯ. ಎಂಬಿಎ ಬೆಲೆ ನಿಂತಿರುವುದು ಕಾಲೇಜಿನ ಮೇಲೆ. ಕ್ಯಾಟ್ ಬರೆದು ಐಐಎಂಗೆ ಹೋಗುವುದು ಒಂದು ಕಥೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು ವಿಶ್ವವಿದ್ಯಾಲಯದ ವಿಭಾಗದಲ್ಲಿ ಕಡಿಮೆ ಫೀಸಿಗೆ ಸೇರುವುದು ಇನ್ನೊಂದು, ಅದೂ ಒಳ್ಳೆಯದೇ. ಇವೆರಡೂ ಇಲ್ಲದೆ ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಕೊಟ್ಟು ಸೇರಿದವರು ಎರಡು ವರ್ಷದ ಮೇಲೆ ಬಿ.ಕಾಂ ಹುಡುಗರ ಜೊತೆಗೇ, ಅದೇ ಕೆಲಸಕ್ಕೆ, ಸಾಲಿನಲ್ಲಿ ನಿಂತಿರುತ್ತಾರೆ. ಒಂದೆರಡು ವರ್ಷ ಕೆಲಸ ಮಾಡಿ ಹೋದರೆ ಮಾರ್ಕೆಟಿಂಗೋ ಫೈನಾನ್ಸೋ ಅನ್ನುವುದು ನಿಮಗೇ ತಿಳಿದಿರುತ್ತದೆ. ಮಾವನಿಗೆ ಹಾಗೇ ಹೇಳಿ.

ಡಿಗ್ರಿ ಆದ ಕೂಡಲೇ ಬೆಂಗಳೂರಿನ ಕೆಲಸವೂ ಇದೆ. ವಿದೇಶಿ ಬ್ಯಾಂಕು, ಕಂಪನಿಗಳ ಅಲ್ಲಿನ ಕೇಂದ್ರಗಳು ಬಿ.ಕಾಂನವರನ್ನು ಬಿಲ್ ಪಾವತಿ, ಲೆಕ್ಕ ತಾಳೆ, ಗ್ರಾಹಕರ ದಾಖಲೆ ಪರಿಶೀಲನೆ, ಹೂಡಿಕೆ ನಿಧಿಗಳ ಲೆಕ್ಕವಾದ ಫಂಡ್ ಅಕೌಂಟಿಂಗ್‌ಗೆ ತೆಗೆದುಕೊಳ್ಳುತ್ತವೆ. ಎಕ್ಸೆಲ್ ಚೆನ್ನಾಗಿ ಬರಬೇಕು, ಫೋನಿನಲ್ಲಿ ಇಂಗ್ಲಿಷ್ ಮಾತಾಡಬೇಕು. ಕೆಲವು ಕಡೆ ರಾತ್ರಿ ಪಾಳಿ ಇರುತ್ತದೆ, ಸಂಬಳದಲ್ಲಿ ಬಾಡಿಗೆ, ಊಟಕ್ಕೆ ಎಷ್ಟು ಹೋಗುತ್ತದೆ ಅಂತ ಕೂಡಿಸಿ ನೋಡಿ. ಕೆಲಸ ಕೊಡಿಸಲು ರಿಜಿಸ್ಟ್ರೇಶನ್ ಫೀಸು, ಡಿಪಾಸಿಟ್ ಅಂತ ಯಾರಾದರೂ ಕೇಳಿದರೆ ಅದು ಮೋಸ ಅಂತಲೇ ತಿಳಿಯಿರಿ. ಸರಿಯಾದ ಕಂಪನಿ ಕೆಲಸಕ್ಕೆ ದುಡ್ಡು ಕೇಳುವುದಿಲ್ಲ.

ಹಾಗಾದರೆ ನೀವು ಏನು ಮಾಡಬೇಕು? ನಾನು ನಿಮ್ಮ ಜಾಗದಲ್ಲಿದ್ದರೆ ಈ ರಜೆಯಲ್ಲೇ ಅಪ್ಪನ ಆಡಿಟರ್ ಬಳಿ ಹೋಗಿ ಕೂರುತ್ತಿದ್ದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಚೇರಿಗಳಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆದಾಯ ತೆರಿಗೆ ರಿಟರ್ನು, ಅದರ ಬೆನ್ನಿಗೇ ಟ್ಯಾಕ್ಸ್ ಆಡಿಟ್. ಆಗ ಬಿಲ್ಲು ಜೋಡಿಸಲು ಬಂದವರನ್ನು ಯಾರೂ ಬೇಡ ಅನ್ನುವುದಿಲ್ಲ. ಕಾಲೇಜು ಶುರುವಾದ ಮೇಲೂ ಶನಿವಾರ ಹೋಗಿ. ಐದನೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಸಿಎ ಇಂಟರೋ ಬ್ಯಾಂಕೋ ಅಂತ ನಿರ್ಧಾರ ಮಾಡಿ, ಎರಡನ್ನೂ ಒಟ್ಟಿಗೆ ಎಳೆಯಬೇಡಿ. ಮನೆಯಲ್ಲಿ ಹೇಳುವಾಗ "ಸಿಎ ಮಾಡ್ತೀನಿ" ಅಂತ ಬರೀ ಮಾತು ಬೇಡ. ಒಂದು ಹಾಳೆಯಲ್ಲಿ ಬರೆದು ಕೊಡಿ: ಯಾವ ತಿಂಗಳು ಯಾವ ಪರೀಕ್ಷೆ, ಎಷ್ಟು ಖರ್ಚು, ಪಾಸಾಗದಿದ್ದರೆ ಯಾವ ಕೆಲಸಕ್ಕೆ ಹೋಗುತ್ತೀರಿ. ಅಂಗಡಿ ನಡೆಸುವ ಅಪ್ಪನಿಗೆ ಇಂಥ ಹಾಳೆ ಚೆನ್ನಾಗಿ ಅರ್ಥ ಆಗುತ್ತದೆ. ಒಂದು ವರ್ಷ ಎರಡಾಗುವ ಸಾಧ್ಯತೆಯೂ ಅದರಿಂದಲೇ ಹುಟ್ಟುತ್ತದೆ.

ಆಡಿಟರ್ ಬೇಡ ಅಂದರೆ ಊರಿನ ಪತ್ತಿನ ಸಹಕಾರಿ ಸಂಘದಲ್ಲಿ ಕೇಳಿ, ಅಥವಾ ಅಪ್ಪನಿಗೆ ಮಾಲು ಹಾಕುವ ಹೋಲ್‌ಸೇಲ್ ಅಂಗಡಿಯ ಅಕೌಂಟೆಂಟ್ ಬಳಿ ಕೇಳಿ. ಮೊದಲ ತಿಂಗಳು ಸಂಬಳ ಕೊಡದಿದ್ದರೂ ಪರವಾಗಿಲ್ಲ, ಬಸ್ ಚಾರ್ಜ್ ಕೇಳಲು ಮಾತ್ರ ಹಿಂಜರಿಯಬೇಡಿ. ಎರಡನೇ ತಿಂಗಳಿಗೂ ಅವರ ಕೆಲಸ ನೀವೇ ಮಾಡುತ್ತಿದ್ದರೆ ಸಂಬಳದ ಮಾತು ಎತ್ತಿ.